ಹಾಕಿಸಲಾಗಿದೆ

ಆ ಗೋಡೆಯ ಮೇಲಿರುವ ಅಕ್ಷರಗಳು ನನ್ನವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಪಾಪವನ್ನು ಹೇಳಲು ಹೊರಟವನು ತನ್ನದನ್ನು ಕೊನೆಗೆಂದು ಬಚ್ಚಿಟ್ಟುಕೊಳ್ಳಬಾರದು. ನಾನು ದಿನಕ್ಕೆ ಎರಡು ಸಲ ದೇವರ ಮುಂದೆ ಕೈಮುಗಿದು ಕೂರುವ ಮುದುಕ. ಈ ಎರಡು ತಿಂಗಳಿಂದ ಕೂತರೆ ಪ್ರಾರ್ಥನೆ ಬರುವುದಿಲ್ಲ. ಕಣ್ಣು ಮುಚ್ಚಿದರೆ ಆ ಗೋಡೆ ಬರುತ್ತದೆ.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಅದಕ್ಕೆ ಎರಡು ಕಡೆ. ಹಿಂದಿನದು ಕೊಳಕು ಕಡೆ, ಮುಂದಿನದು ಶುಭ್ರ ಕಡೆ. ನಡುವೆ ಗೋಡೆ. ಗೋಡೆಯಲ್ಲಿ ಯಂತ್ರಗಳು. ಯಂತ್ರದ ಒಂದು ಬಾಯಿ ಕೊಳಕಿಗೆ, ಇನ್ನೊಂದು ಬಾಯಿ ಶುಭ್ರಕ್ಕೆ. ಬಟ್ಟೆ ಮಾತ್ರ ಆ ಕಡೆಯಿಂದ ಈ ಕಡೆಗೆ ಬರಬಹುದು. ಕೊಳಕು ಕಡೆ ಕೆಲಸ ಮಾಡುವ ಹೆಂಗಸರು ಬರುವ ಹಾಗಿಲ್ಲ. ಅವರಿಗೆ ಹಿಂದಿನ ಗೇಟು. ಕುಡಿಯುವ ನೀರಿನ ನಲ್ಲಿ ಶುಭ್ರ ಕಡೆ ಇತ್ತು. ಬಾಯಾರಿದರೆ ಗೋಡೆಯ ಕಿಂಡಿಯ ಹತ್ತಿರ ನಿಂತು ಕೂಗಬೇಕು. ಈ ಕಡೆಯವರು ಯಾರಾದರೂ ಮನಸ್ಸು ಬಂದಾಗ ಬಾಟಲಿಯಿಂದ ಮೇಲಿನಿಂದ ಸುರಿಯುತ್ತಿದ್ದರು. ಬಾಟಲಿ ಅವರ ಕೈಗೆ ತಾಗಬಾರದು. ಆ ಹೆಂಗಸರನ್ನು ಎಲ್ಲರೂ ಕರೆಯುತ್ತಿದ್ದ ಹೆಸರು ‘ಕೊಳಕಿನವರು’. ಹಾಜರಿ ಪುಸ್ತಕದ ರಟ್ಟಿನ ಮೇಲೂ ಹಾಗೆಯೇ ಇತ್ತು. ಅದನ್ನು ಬರೆದವನೂ ನಾನೇ.

ನಾನು ಶುಭ್ರ ಕಡೆಯವನು. ಹರೆಯದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಅಚ್ಚಿನ ಬೋರ್ಡುಗಳು ಬಂದ ಮೇಲೆ ಕುಂಚಕ್ಕೆ ಕೆಲಸ ಇಲ್ಲವಾಯಿತು. ಏಳು ವರ್ಷದ ಹಿಂದೆ ಇಲ್ಲಿ ಸೇರಿದೆ. ಒಗೆದು ಒಣಗಿದ ಹೊದಿಕೆಗಳ ಮೂಲೆಗೆ ಅಳಿಸದ ಮಸಿಯಲ್ಲಿ ಆಸ್ಪತ್ರೆಯ ಗುರುತು, ವಾರ್ಡಿನ ಸಂಖ್ಯೆ ಹಾಕುವುದು ನನ್ನ ಕೆಲಸ. ತಲೆಕೆಳಗು ಮಾಡಿದ ಸೋಪಿನ ಡಬ್ಬದ ಮೇಲೆ ಕೂತು ದಿನವೆಲ್ಲ ಗುರುತು ಹಾಕುತ್ತಿದ್ದೆ. ಹೆಂಗಸರು ನನ್ನನ್ನು ಬೋರ್ಡಜ್ಜ ಎನ್ನುತ್ತಿದ್ದರು.

ನನ್ನ ಮಗಳು ಕೊಳಕು ಕಡೆ. ನಾನೇ ಮ್ಯಾನೇಜರನ ಕಾಲು ಹಿಡಿದು ಸೇರಿಸಿದ್ದೆ. ಗಂಡ ಬಿಟ್ಟು ಹೋಗಿದ್ದ, ಅವಳ ತಾಯಿ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ.

ಕೊಳಕು ಕಡೆ ಏನಿದೆ ಎಂದು ಓದುವವರಿಗೆ ತಿಳಿಯಬೇಕು. ಲಾರಿ ಬರುತ್ತದೆ. ಗಂಟುಗಳು ಬೀಳುತ್ತವೆ. ತಗಡಿನ ಉದ್ದ ಮೇಜಿನ ಎರಡೂ ಬದಿಗೆ ಹತ್ತೊಂಬತ್ತು ಹೆಂಗಸರು ನಿಲ್ಲುತ್ತಾರೆ. ಗಂಟು ಬಿಚ್ಚುತ್ತಾರೆ. ಕೊಡವುತ್ತಾರೆ. ಹೊದಿಕೆ ಒಂದು ಕಡೆ, ನಿಲುವಂಗಿ ಒಂದು ಕಡೆ, ಟವೆಲು ಒಂದು ಕಡೆ. ಹೊದಿಕೆಯಲ್ಲಿ ರಕ್ತ ಹೆಪ್ಪುಗಟ್ಟಿ ಹಪ್ಪಳದಂತೆ ಎದ್ದಿರುತ್ತದೆ. ಕೀವು ಇರುತ್ತದೆ. ಮಲ ಇರುತ್ತದೆ. ಮಡಿಕೆಯೊಳಗೆ ಹತ್ತಿ, ಪಟ್ಟಿ, ಮೂತ್ರದ ಕೊಳವೆ, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು. ಒಮ್ಮೆ ಬಟ್ಟೆಯಲ್ಲಿ ಸುತ್ತಿದ ಕಾಲ್ಬೆರಳು ಬಂತು. ಆ ಹೆಂಗಸರಲ್ಲಿ ಹಿರಿಯಳು, ಎಲ್ಲರೂ ದೊಡ್ಡಕ್ಕ ಎನ್ನುವವಳು, ಅದನ್ನು ಒಂದು ಕಾಗದದ ಮೇಲೆ ಇಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತಳಂತೆ. ಮ್ಯಾನೇಜರು ಬಂದು ಕಸದ ಬುಟ್ಟಿಗೆ ಹಾಕು, ಕೆಲಸ ನಿಂತಿದೆ ಎಂದನಂತೆ. ಕತ್ತರಿ ಸಿಕ್ಕಿದರೆ ಮಾತ್ರ ಅವನು ಇಸಿದುಕೊಳ್ಳುತ್ತಿದ್ದ.

ಸೂಜಿಗಳು ದಿನವೂ ಬರುತ್ತಿದ್ದವು.

ಹೆಂಗಸರು ನಗುತ್ತಿದ್ದರು. ನಗದಿದ್ದರೆ ಅಲ್ಲಿ ನಿಲ್ಲಲಾಗದು. ಹೆರಿಗೆ ವಾರ್ಡಿನ ಗಂಟು ಬಂದರೆ, “ಹೊಸ ಜೀವ ಬಂದಿದೆ ಕಣೇ, ಮೆಲ್ಲಗೆ ಬಿಚ್ಚು, ಎಚ್ಚರ ಆದೀತು” ಎಂದು ದೊಡ್ಡಕ್ಕ ಹೇಳುವುದು ಯಂತ್ರದ ಬಾಯಿಯಿಂದ ನನಗೆ ಕೇಳಿಸುತ್ತಿತ್ತು. ಅದರ ಹಿಂದೆಯೇ ನನ್ನ ಮಗಳ ನಗು. ಆ ಸದ್ದು ಕೇಳಿ ನಾನು ಸಮಾಧಾನವಾಗಿ ಗುರುತು ಹಾಕುತ್ತಿದ್ದೆ.

ಇನ್ನು ಕಾನೂನಿನ ಮಾತು.

ಕಾನೂನು ಬದಲಾಗುತ್ತಿತ್ತು. ವರ್ಷಕ್ಕೊಮ್ಮೆ, ಕೆಲವು ವರ್ಷ ಎರಡು ಸಲ. ಬದಲಾದಾಗಲೆಲ್ಲ ಮಾಲೀಕ ಒಬ್ಬ ಮನುಷ್ಯನನ್ನು ಕರೆಸುತ್ತಿದ್ದ. ಇಸ್ತ್ರಿ ಅಂಗಿ, ಪ್ಲಾಸ್ಟಿಕ್ ಫೈಲು, ಮೂಗಿಗೆ ಸುವಾಸನೆಯ ಕರ್ಚೀಫು. ಬಂದವನೇ “ತಿದ್ದುಪಡಿ ಬಂದಿದೆ” ಎನ್ನುತ್ತಿದ್ದ. ಹೆಂಗಸರು ಅವನಿಗೆ ತಿದ್ದುಪಡಿ ಎಂದೇ ಹೆಸರಿಟ್ಟಿದ್ದರು. ತಿದ್ದುಪಡಿ ಬಂದ ಎಂದರೆ ತಿದ್ದುಪಡಿ ಬಂತು ಎಂದೇ ಅರ್ಥ. ಕಾನೂನಿಗಿಂತ ನಾವು ಒಂದು ಹೆಜ್ಜೆ ಮುಂದಿರಬೇಕು ಎಂಬುದು ಅವನ ಮಾತು. ಅವನು ಒಂದು ದಿನವೂ ಕೊಳಕು ಕಡೆಯ ಬಾಗಿಲು ದಾಟಿದ್ದನ್ನು ನಾನು ನೋಡಲಿಲ್ಲ.

ಮೊದಲ ಸಲ ಬಂದಾಗ ನಿಯಮಗಳನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆಸಬೇಕು ಎಂಬ ನಿಯಮ ತಂದ. ನನ್ನ ಕೈಗೆ ಕುಂಚ ಬಂತು. ಎಷ್ಟೋ ವರ್ಷದ ಮೇಲೆ. ಕೊಳಕು ಕಡೆಯ ಬಾಗಿಲೆದುರಿನ ಅಂಗಳದ ಗೋಡೆಗೆ ಸುಣ್ಣ ಬಳಿಸಿ, ದಾರ ಎಳೆದು, ನೀಲಿ ಬಣ್ಣದಲ್ಲಿ ಬರೆದೆ. ಕೆಲಸಗಾರರಿಗೆ ಕೈಗವಸು ಒದಗಿಸತಕ್ಕದ್ದು. ಕುಡಿಯುವ ನೀರು ಒದಗಿಸತಕ್ಕದ್ದು. ಕುಳಿತುಕೊಳ್ಳಲು ಆಸನ ಒದಗಿಸತಕ್ಕದ್ದು. ಕಾಮಾಲೆಯ ಲಸಿಕೆ ಹಾಕಿಸತಕ್ಕದ್ದು. ಹೀಗೆ ಹನ್ನೊಂದು ಸಾಲು. ಬೋರ್ಡು ಬರೆಯುವವನಿಗೆ ಈ ‘ತಕ್ಕದ್ದು’ ಬಹಳ ತೊಂದರೆಯ ಪದ. ಒಂದರ ಪಕ್ಕ ಒಂದು ಎರಡು ಒತ್ತಕ್ಷರ. ಅವು ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಸಾಲು ಒತ್ತೊತ್ತಾಗಿ ಕಾಣುತ್ತದೆ. ಬರೆದು ಮುಗಿಸಿ ದೂರ ನಿಂತು ನೋಡಿದಾಗ ನನಗೆ ಆ ಒಂದು ಕೊರತೆ ಮಾತ್ರ ಕಂಡಿತು.

ಮರುವರ್ಷ ತಿದ್ದುಪಡಿ ಮತ್ತೆ ಬಂದ. ನಿಯಮ ಬರೆದರೆ ಸಾಲದು, ಪಾಲಿಸಿದ್ದೀರೋ ಇಲ್ಲವೋ ಅದನ್ನೂ ಪ್ರಕಟಿಸಬೇಕು ಎಂದು ಕಾನೂನು ಬದಲಾಗಿತ್ತು. ಅವನೂ ಮ್ಯಾನೇಜರೂ ಗೋಡೆಯ ಮುಂದೆ ನಿಂತು ಬಹಳ ಹೊತ್ತು ಮಾತಾಡಿದರು. ಆಮೇಲೆ ತಿದ್ದುಪಡಿ ನನ್ನನ್ನು ಕರೆದು ಹೇಳಿದ.

“ಅಜ್ಜ, ಈ ತಕ್ಕದ್ದು ಅನ್ನೋದು ಹಳೇ ಕಾಲದ್ದು. ಈಗ ಯಾರೂ ಬರೆಯಲ್ಲ. ಬಾಲ ಮಾತ್ರ ಬದಲಾಯಿಸಿ. ಲಾಗಿದೆ ಅಂತ ಮಾಡಿ.”

ನಾನು ನೋಡಿದೆ. ಒದಗಿಸತಕ್ಕದ್ದು, ಒದಗಿಸಲಾಗಿದೆ. ಹಾಕಿಸತಕ್ಕದ್ದು, ಹಾಕಿಸಲಾಗಿದೆ. ಮುಂದಿನ ಅಕ್ಷರಗಳೆಲ್ಲ ಹಾಗೇ ಉಳಿಯುತ್ತವೆ. ಬಾಲದ ಮೂರು ಅಕ್ಷರ ಕೆರೆದು ಮೂರು ಅಕ್ಷರ ಬರೆದರೆ ಮುಗಿಯಿತು. ಹೊಸ ಮೂರರಲ್ಲಿ ಒಂದೂ ಒತ್ತಿಲ್ಲ. ಸಾಲುಗಳ ನಡುವೆ ಗಾಳಿ ಆಡುತ್ತದೆ. ನನಗೆ ಸಂತೋಷವಾಯಿತು. ದೇವರಾಣೆಗೂ ಸಂತೋಷವಾಯಿತು. ಬರವಣಿಗೆಯ ಶೈಲಿಯ ಮಾತು ಎಂದುಕೊಂಡೆ. ಅರ್ಧ ದಿನದಲ್ಲಿ ಮುಗಿಸಿ, ಕುಂಚ ತೊಳೆದು, ಮ್ಯಾನೇಜರು ಕೊಟ್ಟ ಚಹಾ ಕುಡಿದೆ.

ಅವರು ಕಾನೂನಿನ ಜೊತೆ ಹೆಜ್ಜೆ ಹಾಕಿದ್ದು ಹೀಗೆ. ಕಾರ್ಖಾನೆಯಲ್ಲಿ ಒಂದು ಮೊಳೆಯೂ ಅಲುಗಲಿಲ್ಲ. ಕ್ರಿಯಾಪದದ ಬಾಲ ಅಲುಗಿತು.

ಆ ಸಂಜೆ ಮನೆಗೆ ಹೋಗುವಾಗ ಮಗಳು ನಕ್ಕಳು. ನಾನೇ ಅವಳಿಗೆ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವನು. ಅವಳು ಓದಬಲ್ಲವಳು.

“ಅಪ್ಪ, ಬೆಳಿಗ್ಗೆ ಕೊಡಬೇಕು ಅಂತಿತ್ತು. ಮಧ್ಯಾಹ್ನಕ್ಕೆ ಕೊಟ್ಟೇಬಿಟ್ರಲ್ಲ. ನೀನು ಬರೆದರೆ ಆಗಿಹೋಗತ್ತೆ ಅಂತ ಗೊತ್ತಿದ್ರೆ ನಮ್ಮ ಮನೆ ಗೋಡೆ ಮೇಲೂ ಬರೆಸ್ತಿದ್ದೆ, ಸೂರು ಸೋರುವುದನ್ನು ನಿಲ್ಲಿಸಲಾಗಿದೆ ಅಂತ.”

ನಾನು ಗದರಿದೆ. ಅನ್ನ ಕೊಡುವ ಜಾಗವನ್ನು ಆಡಿಕೊಳ್ಳಬಾರದು ಎಂದೆ. ಇದೆಲ್ಲ ಬರೆಯುವ ರೀತಿ, ನಿನಗೆ ತಿಳಿಯುವುದಿಲ್ಲ ಎಂದೆ. ಅವಳಿಗೆ ತಿಳಿದಿತ್ತು. ತಿಳಿಯದವನು ನಾನು.

ಕೈಗವಸುಗಳು ಬಂದದ್ದು ನಿಜ. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ಸ್‌ಪೆಕ್ಟರು ಬರುವ ದಿನ ತೆಗೆದು ಕೊಡುವುದು, ಅವರ ಜೀಪು ಹೋದ ಮೇಲೆ ಎಣಿಸಿ ಇಸಿದುಕೊಳ್ಳುವುದು. ಅದರೊಳಗೆ ಹಲ್ಲಿ ಮೊಟ್ಟೆಯಿಟ್ಟಿದೆ, ನಾವು ಹಾಕಿಕೊಂಡರೆ ಪಾಪ ಬರತ್ತೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಕುರ್ಚಿಗಳು ತಪಾಸಣೆಗೆ ಬಾಡಿಗೆಗೆ ಬರುತ್ತಿದ್ದವು. ಲಸಿಕೆಯ ಮಾತು ಬೇರೆ. ಯಾರದೋ ಕೈ ತಗಡಿಗೆ ಸೀಳಿದಾಗ ಒಬ್ಬ ನರ್ಸನ್ನು ಕರೆಸಿ ಎಲ್ಲರಿಗೂ ಒಂದು ಚುಚ್ಚುಮದ್ದು ಕೊಡಿಸಿದ್ದರು. ಅದು ಧನುರ್ವಾಯುವಿನದು. ಹೆಂಗಸರಿಗಾಗಲಿ ನನಗಾಗಲಿ ಯಾರೂ ಹೇಳಲಿಲ್ಲ. ಗೋಡೆಯ ಮೇಲೆ ಹಾಕಿಸಲಾಗಿದೆ ಎಂದಿದ್ದುದನ್ನು ಓದಬಲ್ಲವರು ಉಳಿದವರಿಗೆ ಓದಿ ಹೇಳಿದ್ದರು. ತಮಗೆ ಹಾಕಿದ್ದು ಅದೇ ಎಂದು ಅವರು ನಂಬಿದರು.

ಮಗಳಿಗೆ ಸೂಜಿ ಚುಚ್ಚಿದ್ದು ಒಂದು ಸೋಮವಾರ. ಹೆಬ್ಬೆರಳಿನ ಬುಡಕ್ಕೆ, ಆಳವಾಗಿ. ಟೊಳ್ಳು ಸೂಜಿ, ಒಳಗೆ ರಕ್ತ ಇತ್ತು. ಮ್ಯಾನೇಜರು ಸೋಪು ಹಚ್ಚಿ ತೊಳೆದುಕೋ ಎಂದನಂತೆ. ಅವಳು ಲಸಿಕೆಯ ಮಾತು ಎತ್ತಿದಾಗ ಗೋಡೆಯ ಕಡೆ ಬೆರಳು ತೋರಿಸಿ, ಓದೋಕೆ ಬರತ್ತಲ್ಲ, ನಿಮ್ಮಪ್ಪನೇ ಬರೆದಿದ್ದು ಎಂದನಂತೆ.

ರಾತ್ರಿ ಉಣ್ಣುವಾಗ ಅವಳು ಕೇಳಿದಳು. “ಅಪ್ಪ, ನಂಗೆ ಹಾಕಿದ್ದು ಕಾಮಾಲೆದೇನಾ? ಅದನ್ನ ಮೂರು ಸಲ ಹಾಕ್ತಾರಂತೆ, ನಮಗೆ ಒಂದೇ ಸಲ ಹಾಕಿದ್ರಪ್ಪ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕೇಳ್ಕೊಂಡು ಬರ್ಲಾ?”

ನಾನು ಏನು ಹೇಳಿದೆ ಎಂದು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ. “ಹಾಕಿಸಲಾಗಿದೆ ಅಂತ ಇದೆಯಲ್ಲಮ್ಮ. ಇಲ್ಲದ್ದನ್ನ ಗೋಡೆ ಮೇಲೆ ಬರೆಸ್ತಾರಾ? ಒಂದು ದಿನದ ಕೆಲಸ ಕೆಡಿಸ್ಕೋಬೇಡ” ಎಂದೆ. ನನ್ನ ಕೈಯಾರೆ ಬರೆದ ಸುಳ್ಳನ್ನು ನಾನೇ ನಂಬಿ, ನನ್ನ ಮಗಳಿಗೆ ಉಣಿಸಿದೆ. ಅವಳು ಹೋಗಲಿಲ್ಲ.

ಮೂರು ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು. ಒಂದು ವಾರದಲ್ಲಿ ಮೈಯೆಲ್ಲ ಹಳದಿ. ಆಸ್ಪತ್ರೆಯ ಡಾಕ್ಟರು ಇವರಿಗೆ ಲಸಿಕೆಯೇ ಆಗಿಲ್ಲ, ಕೈ ಸೀಳಿದಾಗ ಕೊಟ್ಟದ್ದು ಧನುರ್ವಾಯುವಿನದು ಎಂದರು. ಚುಚ್ಚಿದ ದಿನವೋ ಮರುದಿನವೋ ಬಂದಿದ್ದರೆ ಕೊಡಲು ಮದ್ದು ಇತ್ತು ಎಂದರು. ಆಮೇಲೆ ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಬಾಯಿಂದ ರಕ್ತ ಬಂತು. ಒರೆಸಲು ಹೊದಿಕೆ ಎಳೆದೆ. ಮೂಲೆಯಲ್ಲಿ ನಾನು ಹಾಕಿದ ಗುರುತು ಇತ್ತು. ಆ ವಾರ್ಡಿನ ಸಂಖ್ಯೆ, ನನ್ನ ಕೈಬರಹ. ಅದರ ಮೇಲೆಯೇ ಅವಳು ಹೋದಳು.

ಆ ಹೊದಿಕೆ ಗಂಟಾಗಿ ಮರುದಿನ ಕಾರ್ಖಾನೆಗೆ ಬಂತು. ಬಿಚ್ಚಿದವಳು ದೊಡ್ಡಕ್ಕ. ಬರಿಗೈಯಲ್ಲಿ.

ಅವಳು ಹೋದ ಎರಡನೆಯ ವಾರ ಮ್ಯಾನೇಜರು ಹೇಳಿಕಳಿಸಿದ. ಹೋದೆ. ಏಳು ವರ್ಷ ಏನಯ್ಯಾ ಎನ್ನುತ್ತಿದ್ದವನು ಎದ್ದು ನಿಂತು ಕುರ್ಚಿ ಎಳೆದ.

“ಯಜಮಾನ್ರೇ, ಕೂತ್ಕೊಳ್ಳಿ. ಆಗಬಾರದ್ದು ಆಯ್ತು. ದೇವರಿಚ್ಛೆ.”

ದೇವರ ಹೆಸರು ಆ ಬಾಯಿಯಲ್ಲಿ ಕೇಳಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ. ಕೂರಲಿಲ್ಲ. ಪಕ್ಕದಲ್ಲಿ ತಿದ್ದುಪಡಿ ಕೂತಿದ್ದ. ಫೈಲು ತೆರೆದಿತ್ತು.

ಕಾನೂನು ಮತ್ತೆ ಬದಲಾಗಿತ್ತು. ಇನ್ನು ಗೋಡೆಯ ಬರಹ ಸಾಲದು. ಒಬ್ಬೊಬ್ಬ ಕೆಲಸಗಾರರಿಗೂ ಒಂದೊಂದು ಕಾಗದ ಇರಬೇಕು. ಲಸಿಕೆ ಹಾಕಿಸಿದ ತಾರೀಖು, ಇಲ್ಲವೇ ಕೆಲಸಗಾರರೇ ಬೇಡವೆಂದು ರುಜು ಹಾಕಿದ ಬರಹ. ಗುರುವಾರ ಇನ್ಸ್‌ಪೆಕ್ಟರು ಬರುತ್ತಾರೆ. ಹದಿನೆಂಟು ಹೆಂಗಸರ ಕಾಗದಗಳು ಸಿದ್ಧವಾಗಿವೆ ಎಂದು ತಿದ್ದುಪಡಿ ಹೇಳಿದ. ಹಿಂದಿನ ತಿಂಗಳು, ಮಗಳು ಆಸ್ಪತ್ರೆಯಲ್ಲಿದ್ದಾಗ, ಗುರುತಿನ ಚೀಟಿಗೆಂದು ಖಾಲಿ ಹಾಳೆಗಳ ಮೇಲೆ ಹೆಬ್ಬೆಟ್ಟು, ರುಜು ತೆಗೆದುಕೊಂಡಿದ್ದರು. ಈಗ ಅವುಗಳ ಮೇಲೆ ತಾರೀಖು ಹತ್ತಿತ್ತು. ಉಳಿದದ್ದು ಒಂದೇ ಕಾಗದ. ತೀರಿಹೋದವಳಿಗೆ ತಾರೀಖು ಹಾಕುವ ಹಾಗಿಲ್ಲ. ಆಸ್ಪತ್ರೆಯವರು ಲಸಿಕೆಯಾಗಿಲ್ಲ ಎಂದು ಬರೆದುಬಿಟ್ಟಿದ್ದಾರೆ.

“ಅದಕ್ಕೆ ಬೇಡ ಅಂದಳು ಅಂತ ಮಾಡಬೇಕು” ಎಂದ. ತರಕಾರಿ ಹೆಚ್ಚುವಷ್ಟು ಸಲೀಸಾಗಿ ಹೇಳಿದ. “ನಿಮ್ಮ ಅಕ್ಷರ, ಅವರ ಅಕ್ಷರ ಒಂದೇ ತರ ಅಂತ ಮ್ಯಾನೇಜರ್ ಹೇಳಿದ್ರು. ಎರಡು ಸಾಲು. ನಾನು ಹೇಳ್ತೀನಿ, ನೀವು ಬರೀರಿ.”

ಅವನು ಹೇಳಿದ. ಕಾಮಾಲೆಯ ಲಸಿಕೆ ಹಾಕಿಸಲು ಕಾರ್ಖಾನೆಯವರು ಮುಂದಾದಾಗ ನಾನು ಸ್ವಂತ ಇಚ್ಛೆಯಿಂದ ನಿರಾಕರಿಸಿದೆನು. ಇದರ ಪರಿಣಾಮಕ್ಕೆ ನಾನೇ ಹೊಣೆ.

ನಾನು ಜೀವಮಾನವೆಲ್ಲ ಅಕ್ಷರ ಬರೆದವನು. ಅಂದು ಮೊದಲ ಸಲ ಒಂದು ವಾಕ್ಯವನ್ನು ಓದಿದೆ. ಗೋಡೆಯ ಮೇಲಿನ ಹನ್ನೊಂದು ಸಾಲು ಕಣ್ಣ ಮುಂದೆ ಬಂದವು. ಒದಗಿಸಲಾಗಿದೆ. ಯಾರು ಒದಗಿಸಿದರು? ಇಲ್ಲ. ಹಾಕಿಸಲಾಗಿದೆ. ಯಾರು ಹಾಕಿಸಿದರು, ಯಾರಿಗೆ? ಇಲ್ಲ. ಆ ಗೋಡೆಯ ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ. ಕೊಟ್ಟವನಿಲ್ಲ, ಕೊಡದವನಿಲ್ಲ, ಸಿಕ್ಕಿಬೀಳುವವನಿಲ್ಲ. ಇಷ್ಟು ವರ್ಷಗಳ ಕಾಗದಗಳಲ್ಲಿ ‘ನಾನು’ ಎಂಬ ಮಾತು ಬಂದದ್ದು ಇದೊಂದೇ ಕಡೆ. ಆ ನಾನು ಸತ್ತ ನನ್ನ ಮಗಳು.

“ಬರೆಯೋದಿಲ್ಲ” ಎಂದೆ.

ಮ್ಯಾನೇಜರು ಸಮಾಧಾನ ಹೇಳಿದ. ಹೋದವಳು ಬರುವುದಿಲ್ಲ, ಇರುವ ಹದಿನೆಂಟು ಜನರ ಹೊಟ್ಟೆ ನೋಡಿ ಎಂದ. ಕಾರ್ಖಾನೆ ಮುಚ್ಚಿದರೆ ಅವರೆಲ್ಲ ನಿಮ್ಮನ್ನೇ ಶಪಿಸುತ್ತಾರೆ ಎಂದ. ನಿಮಗೆ ಅನುಕೂಲ ಮಾಡಿಕೊಡುತ್ತೇವೆ ಎಂದ. ನಾನು ಕಾಗದವನ್ನು ಅವನ ಕಡೆಗೆ ಸರಿಸಿದೆ. ಆಗ ಅವನ ಮುಖ ಹಳೆಯ ಮುಖವಾಯಿತು.

“ಗೋಡೆ ಮೇಲೆ ಬರೆದಾಗ ಕೈ ನಡುಗಲಿಲ್ಲವಲ್ಲ ನಿಂಗೆ. ಈಗ ಯಾಕೆ ನಡುಗತ್ತೆ?”

“ಆಗ ನಡುಗಬೇಕಿತ್ತು” ಎಂದೆ.

ನಾಳೆಯಿಂದ ಬರಬೇಡ ಎಂದ. ಬಂದರೆ ಗೇಟಿನಲ್ಲಿ ಕಾವಲುಗಾರ ನೋಡಿಕೊಳ್ಳುತ್ತಾನೆ ಎಂದ.

ನಾನು ಮುಂದಿನ ಗೇಟಿನಿಂದ ಹೊರಗೆ ಹೋಗಲಿಲ್ಲ. ನಡುವಿನ ಬಾಗಿಲು ತಳ್ಳಿ ಕೊಳಕು ಕಡೆಗೆ ಹೋದೆ. ಏಳು ವರ್ಷದಲ್ಲಿ ಮೊದಲ ಸಲ. ವಾಸನೆ ಮುಖಕ್ಕೆ ಗೋಡೆಯಂತೆ ಬಡಿಯಿತು. ನೆಲದಲ್ಲಿ ಕಂದು ನೀರು. ಹೆಂಗಸರ ಕೈಗಳು ಮೊಣಕೈವರೆಗೆ ಬೆಂದಂತೆ ಕೆಂಪು, ಬೆರಳ ಸಂದಿಗಳಲ್ಲಿ ಹುಣ್ಣು. ಮೇಜಿನ ಕೊನೆಯಲ್ಲಿ ಒಂದು ಜಾಗ ಖಾಲಿ. ಅಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ. ಇಲ್ಲಿ ದಿನಕ್ಕೆ ಹತ್ತು ತಾಸು ನಿಂತ ನನ್ನ ಮಗಳು ಸಂಜೆ ನನಗಾಗಿ ನಗುತ್ತಾ ಬರುತ್ತಿದ್ದಳು.

ಎಲ್ಲವನ್ನೂ ಹೇಳಿದೆ. ಅವರಿಗೆ ಹಾಕಿದ್ದು ಯಾವ ಚುಚ್ಚುಮದ್ದು, ಖಾಲಿ ಹಾಳೆಗಳ ಮೇಲೆ ಈಗ ಏನಿದೆ, ನನ್ನಿಂದ ಏನು ಬರೆಸಲು ನೋಡಿದರು. ಸೂಜಿ ಚುಚ್ಚಿದ ರಾತ್ರಿ ಮಗಳಿಗೆ ನಾನು ಏನು ಹೇಳಿದೆ ಎಂಬುದನ್ನೂ ಹೇಳಿದೆ.

ಯಾರೂ ನನ್ನನ್ನು ಸಂತೈಸಲಿಲ್ಲ. ಸಂತೈಸಬಾರದಿತ್ತು. ಒಬ್ಬಳು ತನ್ನ ಕೈ ತಿರುಗಿಸಿ ಹಳೆಯ ಸೂಜಿ ಗಾಯಗಳನ್ನು ಎಣಿಸತೊಡಗಿದಳು. ದೊಡ್ಡಕ್ಕ ಕೈಯಲ್ಲಿದ್ದ ಹೊದಿಕೆಯನ್ನು ಮೇಜಿನ ಮೇಲೆ ಬಿಟ್ಟು ನನ್ನ ಎದುರು ಬಂದಳು.

“ಬೋರ್ಡಜ್ಜ, ನಮಗೆ ಓದೋಕೆ ಬರಲ್ಲ. ನೀವು ಬರೆದಿದ್ದೀರಿ ಅಂತ ನಂಬಿದ್ವಿ. ಮ್ಯಾನೇಜರ್ ಬರೆದಿದ್ರೆ ನಂಬ್ತಿರಲಿಲ್ಲ.”

ಆ ಮಾತಿಗಿಂತ ದೊಡ್ಡ ಶಿಕ್ಷೆ ದೇವರ ಹತ್ತಿರವೂ ಇರಲಾರದು. ಅವಳೇ ಮತ್ತೆ ಹೇಳಿದಳು. ಗುರುವಾರ ತಮ್ಮ ಜೊತೆ ಹಿಂದಿನ ಗೇಟಿನಲ್ಲಿ ಬರಬೇಕು. ಆ ಗೇಟಿನಲ್ಲಿ ಬರುವವರ ಮುಖವನ್ನು ಕಾವಲುಗಾರ ಯಾವತ್ತೂ ನೋಡುವುದಿಲ್ಲ, ಮೂಗು ಮುಚ್ಚಿಕೊಂಡು ಆ ಕಡೆ ತಿರುಗುತ್ತಾನೆ.

ಹಾಗೆಯೇ ಆಯಿತು. ತಲೆಗೆ ಟವೆಲು ಸುತ್ತಿಕೊಂಡು ಹೆಂಗಸರ ನಡುವೆ ಒಳಗೆ ಹೋದೆ. ಕಾವಲುಗಾರ ಈ ಕಡೆ ತಿರುಗಲೇ ಇಲ್ಲ.

ಅಂದು ನೆಲ ತೊಳೆದಿದ್ದರು. ಬಾಡಿಗೆ ಕುರ್ಚಿಗಳು ಗೋಡೆಯ ಉದ್ದಕ್ಕೂ ಇದ್ದವು. ಅಂಗಡಿಯವನು ಕಾಲಿಗೆ ಬರೆದ ಸಂಖ್ಯೆಗಳು ಕಾಣಿಸುತ್ತಿದ್ದವು. ಮೂಲೆಯಲ್ಲಿ ಹೊಸ ನೀರಿನ ಡ್ರಮ್ಮು. ಬೀರು ತೆರೆದು ಕೈಗವಸು ಕೊಟ್ಟರು. ಹೆಂಗಸರು ಹಾಕಿಕೊಂಡರು. ಮಡಿಕೆಯ ಗೆರೆಗಳು ಇನ್ನೂ ಮಾಸದ ಕೈಗವಸುಗಳು. ನಾನು ಗಂಟುಗಳ ಹಿಂದೆ ನಿಂತೆ.

ಇನ್ಸ್‌ಪೆಕ್ಟರು ಒಬ್ಬ ಹೆಂಗಸು. ನಡುವಯಸ್ಸು, ಕೈಯಲ್ಲಿ ಫೈಲು, ಅವಸರ. ಹಿಂದೆ ಮ್ಯಾನೇಜರು. ಅಂದು ತಿದ್ದುಪಡಿಯೂ ಕೊಳಕು ಕಡೆಗೆ ಬಂದ, ಕರ್ಚೀಫು ಮೂಗಿನಿಂದ ಇಳಿಯಲಿಲ್ಲ. ಆಕೆ ನಿಂತಲ್ಲಿಂದಲೇ ಕಾಗದಗಳನ್ನು ತಿರುವಿದರು. ಹದಿನೆಂಟಕ್ಕೂ ಸರಿ ಗುರುತು ಹಾಕಿದರು. ಹತ್ತೊಂಬತ್ತನೆಯದಕ್ಕೆ ಬಂದಾಗ ನಿಂತರು. ತೀರಿಹೋದವರು ಇವರೇನಾ ಎಂದು ಕೇಳಿದರು. ಹೌದು ಮೇಡಂ, ಪಾಪ, ನಾವು ಎಷ್ಟು ಹೇಳಿದರೂ ಒಪ್ಪಲಿಲ್ಲ, ಚುಚ್ಚುಮದ್ದು ಅಂದರೆ ಭಯ ಅವಳಿಗೆ ಎಂದ ಮ್ಯಾನೇಜರು.

ನಾನು ಬರೆಯದಿದ್ದರೂ ಬೇರೆ ಯಾರೋ ಬರೆದುಕೊಟ್ಟಿದ್ದರು.

ಗಂಟುಗಳನ್ನು ದಾಟಿ ಮುಂದೆ ಬಂದೆ. ಮ್ಯಾನೇಜರು ನನ್ನ ತೋಳು ಹಿಡಿದ. ದೊಡ್ಡಕ್ಕ ಕೈಗವಸಿನ ಕೈಯಿಂದ ಅವನ ಮಣಿಕಟ್ಟು ಹಿಡಿದಳು. ಕೈಗವಸಿಗೆ ಆಗಲೇ ಗಂಟಿನ ಕೊಳಕು ಹತ್ತಿತ್ತು. ಅವನು ಕೆಂಡ ಮುಟ್ಟಿದವನಂತೆ ಬಿಟ್ಟುಬಿಟ್ಟ.

“ನಾನು ಅವಳ ಅಪ್ಪ. ಕಾಗದ ತೋರಿಸಿ” ಎಂದೆ.

ಇನ್ಸ್‌ಪೆಕ್ಟರು ಕೊಟ್ಟರು. ಅಕ್ಷರ ಅವಳದ್ದಾಗಿರಲಿಲ್ಲ. ಯಾರೋ ಕಚೇರಿಯವರ ಓಟದ ಬರಹ. ರುಜುವನ್ನು ಮಾತ್ರ ಸಂಬಳದ ಪುಸ್ತಕ ನೋಡಿ ನಿಧಾನವಾಗಿ ಎಳೆದಿದ್ದರು. ಇದು ಅವಳು ಬರೆದದ್ದಲ್ಲ ಎಂದೆ. ಅವಳು ಬೇಡ ಎನ್ನಲಿಲ್ಲ, ಅವಳನ್ನು ಯಾರೂ ಕೇಳಲೇ ಇಲ್ಲ ಎಂದೆ.

ತಿದ್ದುಪಡಿ ಮೊದಲ ಸಲ ಕರ್ಚೀಫು ಇಳಿಸಿದ. “ಮೇಡಂ, ಹೊರಗಿನ ಆ ಗೋಡೆ ಬರೆದಿದ್ದು ಇವರೇ. ನೋಡಿ, ಲಸಿಕೆ ಹಾಕಿಸಲಾಗಿದೆ ಅಂತ ಇವರ ಕೈಯಲ್ಲೇ ಇದೆ. ಆಗ ಸುಳ್ಳು ಬರೆದಿದ್ರಾ, ಈಗ ಸುಳ್ಳು ಹೇಳ್ತಿದ್ದಾರಾ, ಅವರನ್ನೇ ಕೇಳಿ.”

ಆಕೆ ನನ್ನನ್ನು ನೋಡಿದರು. ಎಲ್ಲರೂ ನೋಡಿದರು.

“ಆಗ ಸುಳ್ಳು ಬರೆದೆ” ಎಂದೆ. “ಹನ್ನೊಂದು ಸಾಲೂ ಸುಳ್ಳು. ನೀವು ಬರೆದುಕೊಳ್ಳಿ.”

ಆಕೆ ಫೈಲಿನಲ್ಲಿ ಬರೆಯತೊಡಗಿದರು. ನಾನು ಇಣುಕಿದೆ. ಗೋಡೆಯ ಬರಹ ಸುಳ್ಳೆಂದು ತಿಳಿಸಲಾಯಿತು ಎಂದು ಬರೆಯುತ್ತಿದ್ದರು.

“ಮೇಡಂ, ತಿಳಿಸಲಾಯಿತು ಅಂತ ಬೇಡ” ಎಂದೆ. “ಆ ಬಾಲ ಹಿಡ್ಕೊಂಡೇ ಇವರು ಇಷ್ಟು ವರ್ಷ ತಪ್ಪಿಸ್ಕೊಂಡ್ರು. ನಾನು ಬರೆದೆ ಅಂತ ಹಾಕಿ. ಇವರು ಬರೆಸಿದರು ಅಂತ ಹಾಕಿ. ನನ್ನ ಮಗಳನ್ನ ಇವರು ಕೊಂದರು, ನಾನು ಜೊತೆಗಿದ್ದೆ ಅಂತ ಹಾಕಿ. ಒಬ್ಬೊಬ್ಬರ ಹೆಸರೂ ಹಾಕಿ.”

ಕೊಂದರು ಅಂತ ನಾನು ಬರೆಯೋಕಾಗಲ್ಲಪ್ಪ ಎಂದು ಆಕೆ ಮೆಲ್ಲಗೆ ಹೇಳಿದರು. ಆದರೆ ಬರೆದದ್ದನ್ನು ಹೊಡೆದುಹಾಕಿ, ಉಳಿದ ಮಾತನ್ನು ನಾನು ಹೇಳಿದಂತೆ ಮೊದಲಿನಿಂದ ಬರೆದರು. ಓದಿ ಹೇಳಿದರು. ನಾನು ರುಜು ಹಾಕಿದೆ. ದೊಡ್ಡಕ್ಕ ಕೈಗವಸು ಕಿತ್ತು ಬೀಳಿಸಿ, ಎರಡೂ ತೋಳನ್ನು ಆಕೆಯ ಫೈಲಿನ ಮುಂದೆ ಚಾಚಿದಳು. ನನಗೆ ಹಾಕಿಲ್ಲ, ನನ್ನ ಹೆಸರಲ್ಲಿ ಬರೆದುಕೊಳ್ಳಿ ಎಂದಳು. ಒಬ್ಬಳ ಹಿಂದೆ ಒಬ್ಬಳು ಬಂದರು. ಇಬ್ಬರು ಬರಲಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದವರು, ಮೇಜಿಗೆ ಒರಗಿ ಅಳುತ್ತಾ ನಿಂತರು. ಅವರನ್ನು ಯಾರೂ ಕರೆಯಲಿಲ್ಲ. ಹದಿನಾರು ಹೇಳಿಕೆಗಳಾದವು. ಆಕೆ ಫೈಲು ಮುಚ್ಚಿ, ಮುಂದೆ ಏನಾಗುತ್ತದೆ ಎಂದು ನಾನು ಹೇಳಲಾರೆ ಎಂದರು. ನಾನೂ ಕೇಳಲಿಲ್ಲ. ಈ ಜನ ಅದಕ್ಕೂ ಒಂದು ಕಾಗದ ಹುಡುಕುತ್ತಾರೆ ಎಂದು ನನಗೆ ಗೊತ್ತಿದೆ.

ಜೀಪು ಹೋಯಿತು. ತಿದ್ದುಪಡಿ ಅದಕ್ಕಿಂತ ಮೊದಲೇ ಹೋಗಿದ್ದ. ಎಂದಿನಂತೆ ಲಾರಿ ಬಂತು. ಗಂಟುಗಳು ಬಿದ್ದವು. ಹೆಂಗಸರು ಮೇಜಿನಿಂದ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಅತ್ತವರಿಬ್ಬರೂ ನಿಂತರು. ನಿಜವಾದ ಚುಚ್ಚುಮದ್ದು ಬರುವವರೆಗೆ, ಅದು ಯಾವುದೆಂದು ಡಾಕ್ಟರು ಬಂದು ಬಾಯಿಬಿಟ್ಟು ಹೇಳುವವರೆಗೆ ಗಂಟು ಮುಟ್ಟುವುದಿಲ್ಲ ಎಂದರು.

ಮ್ಯಾನೇಜರು ಬೈದ. ಬೇಡಿದ. ಆಸ್ಪತ್ರೆಯವರು ಸಂಜೆಗೆ ಬಟ್ಟೆ ಕೇಳುತ್ತಾರೆ, ಯಾರಾದರೂ ಬಿಚ್ಚಿ ಎಂದು ಕೈ ಜೋಡಿಸಿದ.

ದೊಡ್ಡಕ್ಕ ನೆಲದಲ್ಲಿ ಬಿದ್ದಿದ್ದ ಕೈಗವಸನ್ನು ಕಾಲಿನಿಂದ ಅವನ ಕಡೆ ತಳ್ಳಿದಳು.

“ನೀವೇ ಬಿಚ್ಚಿ ಸಾರ್. ಕೈಗವಸು ಒದಗಿಸಲಾಗಿದೆ.”

ಅವನು ಗಂಟಿನ ಮುಂದೆ ನಿಂತ. ಎರಡು ಸಲ ಬಗ್ಗಿದ. ಎರಡು ಸಲವೂ ಕೈ ಹಿಂದೆ ಬಂತು. ಗಂಟಿನ ಅಡಿಯಿಂದ ಕಂದು ನೀರು ಹೊರಟು ತೊಳೆದ ನೆಲದ ಮೇಲೆ ನಿಧಾನವಾಗಿ ಅವನ ಬೂಟುಗಳ ಕಡೆಗೆ ಹರಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅದು ಹರಿಯುತ್ತಲೇ ಇತ್ತು. ಅವನು ಇನ್ನೊಂದು ಹೆಜ್ಜೆ ಸರಿದ.